ಕಿಟ್ಟಣ್ಣ ಕಾರಿನಿಂದ ಇಳಿದರು

ಟಕ್.

ಡ್ಯಾಶ್‌ಬೋರ್ಡಿನ ಮೇಲೆ ಬೆರಳ ಗಂಟಿನಿಂದ ಒಂದು ಏಟು. ಹೋದ ಭಾನುವಾರ ಬೆಳಿಗ್ಗೆ, ತುಮಕೂರು ರಸ್ತೆಯಲ್ಲಿ, ಹಿಂದಿನಿಂದ ಸಿಮೆಂಟ್ ಲಾರಿಯೊಂದು ಹಾರನ್ ಮೇಲೆ ಹಾರನ್ ಹೊಡೆಯುತ್ತಿದ್ದಾಗ, ನನ್ನ ಪಕ್ಕ ಕೂತಿದ್ದ ಹಿರಿಯರು ಎಡಗೈಯಲ್ಲಿ ಹೀಗೆ ಕುಟ್ಟಿದರು. ಗೇರ್ ಬದಲಾಯಿಸು ಅಂತ ಅರ್ಥ. ಬದಲಾಯಿಸಿದೆ. ಕಾರು ಕೆಮ್ಮಿತು.

ಟಕ್ ಟಕ್. ತಪ್ಪು ಗೇರು ಅಂತ ಅರ್ಥ.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡನೇ ಮಹಾಯುದ್ಧಕ್ಕೂ ಮುಂಚಿನ ಹಸಿರು ಕಾರೊಂದನ್ನು ಓಡಿಸುವ ಹೆಂಗಸನ್ನು ನೋಡಲು ಯಶವಂತಪುರದ ಬಸ್‌ಸ್ಟಾಪಿನ ಜನ ಬಂದ ಬಸ್ಸನ್ನೇ ಬಿಟ್ಟುಬಿಟ್ಟರು. (ಸ್ವಲ್ಪ ಜಾಸ್ತಿ ಹೇಳಿದೆ. ಬಿಟ್ಟವರು ಒಬ್ಬಿಬ್ಬರು. ಆದರೆ ನೋಡಿದವರು ಎಲ್ಲರೂ.)

ಆ ಕಾರು ಯಾವ ಕಂಪನಿಯದು ಅಂತ ಬರೆಯುವುದಿಲ್ಲ. ಬರೆದರೆ ನಮ್ಮ ಯಜಮಾನರು ಅದರ ಜಾತಕ ಹೇಳಲು ಕೂರುತ್ತಾರೆ, ಈ ಅಂಕಣದ ಜಾಗವೆಲ್ಲ ಅವರ ಪಾಲಾಗುತ್ತದೆ. ಇಂಗ್ಲೆಂಡಿನಲ್ಲಿ ಹುಟ್ಟಿತು, ಕೆ.ಜಿ.ಎಫ್. ಕಡೆಯ ಗುಜರಿಯಲ್ಲಿ ಬಿದ್ದಿತ್ತು, ಪೀಣ್ಯಕ್ಕೆ ಬಂದು ಬದುಕಿಕೊಂಡಿತು. ನಿಮಗೆ ಇಷ್ಟು ಸಾಕು.

ಪೀಣ್ಯದಲ್ಲಿ ನಮ್ಮದೊಂದು ಹಳೇ ಕಾರುಗಳ ಸಂಘವಿದೆ. ಸಂಘ ಅಂದ ತಕ್ಷಣ ದೊಡ್ಡ ಕ್ಲಬ್ಬು, ಸೋಫಾ, ಬಿಳಿ ಬಟ್ಟೆಯ ಬೇರರ್ ಅಂದುಕೊಳ್ಳಬೇಡಿ. ಗ್ರೀಸು, ಟೀ, ಕಿತ್ತುಹೋದ ಸ್ಟೂಲು. ಭಾನುವಾರ ಬಂತೆಂದರೆ ನಾಲ್ಕೈದು ಗಂಡಸರ ಕಾಲುಗಳು ಕಾರಿನ ಕೆಳಗಿನಿಂದ ಹೊರಗೆ ಚಾಚಿಕೊಂಡಿರುತ್ತವೆ. ನನ್ನ ಗಂಡನನ್ನು ನಾನು ಮುಖಕ್ಕಿಂತ ಚಪ್ಪಲಿಯಿಂದಲೇ ಹೆಚ್ಚು ಗುರುತಿಸುತ್ತೇನೆ.

ಇವರಿಗೆಲ್ಲ ಇಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸಣ್ಣಪುಟ್ಟ ಶೆಡ್ಡುಗಳು. ನಮ್ಮವರದು ಕಬ್ಬಿಣದ ಪಾರ್ಟು ಉಜ್ಜುವ ಗ್ರೈಂಡಿಂಗ್. ರಫೀಕ್ ಸಾಬರದು ರೇಡಿಯೇಟರ್ ಕೆಲಸ. ಗಂಗಣ್ಣನವರದು ಸ್ಪ್ರಿಂಗು. ಗಂಗಣ್ಣ ಪೀಣ್ಯದ ಮೂಲದವರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಇವತ್ತು ಇವರ ಶೆಡ್ಡಿದೆ. ಇವರಲ್ಲಿ ಯಾರ ಕಾರಿಗೆ ಏನು ಸವೆದರೂ ಅಂಗಡಿಗೆ ಹೋಗುವ ಪ್ರಶ್ನೆಯೇ ಇಲ್ಲ. ಹಳೇ ಇಂಗ್ಲಿಷ್ ಕಾರಿನ ಪಾರ್ಟು ಯಾವ ಅಂಗಡಿಯಲ್ಲಿ ಸಿಗುತ್ತೆ ಹೇಳಿ? ಯಾರಿಗೆ ಆ ಕೆಲಸ ಬರುತ್ತದೋ ಅವರು ತಮ್ಮ ಶೆಡ್ಡಿನಲ್ಲಿ ಮಾಡಿಕೊಡುತ್ತಾರೆ.

ಇಂಥ ಸಂಘ ಕಟ್ಟಿದವರು ಕಿಟ್ಟಣ್ಣ. ಡ್ಯಾಶ್‌ಬೋರ್ಡ್ ಕುಟ್ಟುತ್ತಿದ್ದ ಹಿರಿಯರು ಅವರೇ. ಹಸಿರು ಕಾರೂ ಅವರದೇ. ದೊಡ್ಡ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಫೋರ್‌ಮನ್ ಆಗಿದ್ದು, ರಿಟೈರ್ ಆದಮೇಲೆ ಮನೆಯ ಹಿಂದೆ ಕಬ್ಬಿಣ ಕಡೆಯುವ ಲೇತ್ ಒಂದನ್ನು ಹಾಕಿಕೊಂಡವರು. ಮೂರು ಬೀದಿ ಆಚೆಗೂ ಕೇಳುವ ದನಿ. ನನಗೆ ಕಾರು ಓಡಿಸುವುದನ್ನು ಕಲಿಸಿದ್ದೂ ಅವರೇ. (ಗಂಡನ ಹತ್ತಿರ ಡ್ರೈವಿಂಗ್ ಕಲಿಯಲು ಹೋದ ಹೆಂಗಸರು ಯಾರಾದರೂ ಇದ್ದರೆ, ನಾನು ಕಿಟ್ಟಣ್ಣನ ಹತ್ತಿರ ಯಾಕೆ ಹೋದೆ ಅಂತ ಅವರಿಗೆ ವಿವರಿಸಬೇಕಾಗಿಲ್ಲ.)

ಯುಗಾದಿ ಕಳೆದ ಸ್ವಲ್ಪ ದಿನಕ್ಕೆ ಕಿಟ್ಟಣ್ಣನಿಗೆ ಲಕ್ವ ಹೊಡೆಯಿತು. ಲೇತಿನ ಮುಂದೆ ನಿಂತಿದ್ದವರು ಹಾಗೇ ಕುಸಿದರಂತೆ. ಬಲಗೈ ಹೋಯಿತು. ಬಲಗಾಲು ಎಳೆಯುತ್ತದೆ. ಬಾಯಿ ಒಂದು ಕಡೆ ಸ್ವಲ್ಪ ಜಾರಿದೆ. ಮಾತು ಬರುತ್ತದೆ, ಆದರೆ ಒಂದೊಂದು ಪದವನ್ನೂ ಬಾವಿಯಿಂದ ಸೇದಿದ ಹಾಗೆ ನಿಧಾನ.

ಆಮೇಲೆ ನೋಡಲು ಬರುವವರ ಸಾಲು ಶುರುವಾಯಿತು. ನಮ್ಮ ಜನ ನಿಮಗೆ ಗೊತ್ತಲ್ಲ? ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಮೂಸಂಬಿ. ಕಾಯಿಲೆಯವರ ಎದುರಿಗೇ ಕೂತು, ಅವರಿಗೆ ಕಿವಿಯೇ ಇಲ್ಲವೇನೋ ಎಂಬಂತೆ ಹೆಂಡತಿಯ ಹತ್ತಿರ ವಿಚಾರಣೆ. ಊಟ ಮಾಡ್ತಾರಾ? ಗುರುತು ಸಿಗುತ್ತಾ? ಛೆ, ಹೇಗಿದ್ದೋರು ಹೇಗಾಗ್ಬಿಟ್ರು.

ಕಿಟ್ಟಣ್ಣ ಇದನ್ನೆಲ್ಲ ಕೇಳಿಸಿಕೊಂಡರು. ಒಂದು ದಿನ ಒಳಗಿನ ರೂಮಿಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ಯಾರು ಬಂದರೂ ಎದ್ದು ಬರಲಿಲ್ಲ. ನಮ್ಮ ಯಜಮಾನರು ಹೋದರೂ ಇಲ್ಲ, ಗಂಗಣ್ಣ ಹೋಗಿ ಬಾಗಿಲಲ್ಲಿ ಕೂತು ಅತ್ತರೂ ಇಲ್ಲ. ಹಿತ್ತಲಿನ ಶೆಡ್ಡಿಗೂ ಕಾಲಿಡಲಿಲ್ಲ. ಅವರ ಹೆಂಡತಿ ವನಜಕ್ಕ ಶೆಡ್ಡಿನ ಬೀಗದ ಕೈಯನ್ನು ನಮ್ಮವರಿಗೆ ಕೊಟ್ಟರು.

ಶೆಡ್ಡಿನಲ್ಲಿ ಹಸಿರು ಕಾರು ಅರ್ಧಕ್ಕರ್ಧ ಬಿಚ್ಚಿಕೊಂಡು ನಿಂತಿತ್ತು. ಗೆಳೆಯರೆಲ್ಲ ಸೇರಿ ಅದನ್ನು ಪೂರ್ತಿ ಮಾಡಿದರು. ಮನುಷ್ಯನನ್ನು ನೋಡಲು ಬಿಡಲಿಲ್ಲ, ಅವನ ಕಾರನ್ನಾದರೂ ನೋಡಿಕೊಳ್ಳೋಣ ಅನ್ನಿಸಿರಬೇಕು. ಗಂಡಸರು ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ಮನೆ ಸ್ಪ್ಯಾನರ್ ಹುಡುಕುತ್ತಾರೆ.

ಅಷ್ಟರಲ್ಲಿ ಸುದ್ದಿ ಬಂತು. ವೈಟ್‌ಫೀಲ್ಡಿನಲ್ಲಿ, ಹಳೇ ಬಂಗಲೆಗಳ ನಡುವಿನ ಮೈದಾನದಲ್ಲಿ, ಹಳೇ ಕಾರುಗಳ ಪ್ರದರ್ಶನವಂತೆ. ಮೈದಾನದ ಮಧ್ಯೆ ಕಾರುಗಳನ್ನು ಸಾಲಾಗಿ ನಿಲ್ಲಿಸುತ್ತಾರಂತೆ. ಆ ಕಾರು ಒಂದು ದಿನ ಇಂಥ ಸಾಲಿನಲ್ಲಿ ನಿಲ್ಲಬೇಕು ಅನ್ನುವುದು ಕಿಟ್ಟಣ್ಣನ ಬಹಳ ದಿನದ ಆಸೆ. ವನಜಕ್ಕ ರೂಮಿನ ಬಾಗಿಲಲ್ಲಿ ನಿಂತು ಹೇಳಿದರು. ಗೋಡೆಯ ಕಡೆಯಿಂದ ಬಹಳ ಹೊತ್ತಿನ ಮೇಲೆ ಉತ್ತರ ಬಂತು. ಬರುತ್ತೇನೆ, ಆದರೆ ಕಾರಿನಿಂದ ಇಳಿಯುವುದಿಲ್ಲ, ಯಾರೂ ನನ್ನ ಹತ್ತಿರ ಬಂದು ಮಾತಾಡಿಸಬಾರದು.

ವನಜಕ್ಕ ನನ್ನ ಅಡುಗೆಮನೆಗೆ ಬಂದು ಕೂತರು. "ನೋಡು ಸುಮ, ಹೀಗೇ ಗೋಡೆ ನೋಡ್ತಾ ಮಲಗಿದ್ರೆ ಕಾಲು, ನಾಲಿಗೆ ಎರಡೂ ಕೆಲಸ ಮರೆತುಬಿಡ್ತವೆ ಅಂದಿದಾರೆ ಡಾಕ್ಟ್ರು. ನಡೀಬೇಕಂತೆ, ಜನರ ಹತ್ತಿರ ಮಾತಾಡ್ಬೇಕಂತೆ. ಈಗ ಹೊರಗೆ ಬರ್ತೀನಿ ಅಂದಿದ್ದಾರೆ. ಅಲ್ಲೇನಾದ್ರೂ ಎಡವಟ್ಟಾದ್ರೆ, ಇನ್ನೊಂದು ಸಲ ಆ ಹೊಸಲು ದಾಟಲ್ಲ ಕಣೇ. ನಂಗೊತ್ತು ಅವರ ಬುದ್ಧಿ."

"ಓಡಿಸೋರು ಯಾರು?" ಅಂದೆ. ಗಂಡಸರೆಲ್ಲ ಅವರವರ ಕಾರಿನಲ್ಲಿ ಇರುತ್ತಾರಲ್ಲ.

"ನಿನಗೆ ಕಲಿಸಿದ್ದು ಅವರು ತಾನೇ," ಅಂದರು ವನಜಕ್ಕ.

ಹೀಗೆ ನಾನು ಆ ಸೀಟಿನಲ್ಲಿ ಕೂತೆ.

ನಮ್ಮ ಸಂಘದವರು ಹೊರಟರೆ ನಿಧಾನದ ಕಾರು ಯಾವಾಗಲೂ ಮುಂದೆ. ಹಿಂದಿನವರು ಅದನ್ನು ದಾಟುವ ಹಾಗಿಲ್ಲ. ಅಂದು ಎಲ್ಲರಿಗಿಂತ ನಿಧಾನ ಯಾರು ಅಂತ ಕೇಳಬೇಕೇ? ನಾನು ಮುಂದೆ, ಹಿಂದೆ ನಮ್ಮ ಯಜಮಾನರು, ಅವರ ಹಿಂದೆ ರಫೀಕ್ ಸಾಬರು, ಕೊನೆಯಲ್ಲಿ ಗಂಗಣ್ಣ. ಮದುವೆಯಾದ ಮೇಲೆ ಮೊದಲ ಸಲ ಯಜಮಾನರು ನನ್ನ ಹಿಂದೆ ಬಂದರು. ಪ್ರಯಾಣ ನಿಜಕ್ಕೂ ಚೆನ್ನಾಗಿತ್ತು.

ಮೇಖ್ರಿ ಸರ್ಕಲ್, ಹಲಸೂರು, ಹಳೇ ಮದ್ರಾಸ್ ರಸ್ತೆ. ಕಿಟ್ಟಣ್ಣ ಕುತ್ತಿಗೆಗೆ ಮಫ್ಲರ್ ಸುತ್ತಿ, ಅದನ್ನು ಬಾಯಿಯ ತನಕ ಎಳೆದುಕೊಂಡಿದ್ದರು. ಸಿಗ್ನಲ್ಲಿನಲ್ಲಿ ಯಾರಾದರೂ ಬಗ್ಗಿ ನೋಡಿದರೆ ಮುಖ ಆಚೆ ತಿರುಗಿಸುತ್ತಿದ್ದರು. ಬಾಯಿಂದ ಒಂದು ಮಾತಿಲ್ಲ, ಟಕ್ ಟಕ್ ಮಾತ್ರ. ಮಹದೇವಪುರ ದಾಟಿದ ಮೇಲೆ ಊರು ಮುಗಿದು ರಸ್ತೆ ಖಾಲಿಯಾಯಿತು. ಎರಡೂ ಕಡೆ ದ್ರಾಕ್ಷಿ ಚಪ್ಪರ, ರಾಗಿ ಹೊಲ, ತಣ್ಣನೆ ಗಾಳಿ. ಎಂಜಿನ್ ಒಂದೇ ಶ್ರುತಿಯಲ್ಲಿ ಹಾಡತೊಡಗಿತು. ಕಿಟ್ಟಣ್ಣ ಕಣ್ಣು ಮುಚ್ಚಿ ಆ ಸದ್ದನ್ನೇ ಕೇಳುತ್ತಿದ್ದರು. ಹಿಂದಿನ ಸೀಟಿನಲ್ಲಿದ್ದ ವನಜಕ್ಕ ನನ್ನ ಭುಜ ಮೆಲ್ಲಗೆ ಒತ್ತಿದರು.

ಎಲ್ಲ ಸರಿಯಾಗಿ ಆಗುತ್ತಿದೆ ಅಂತ ನನಗನ್ನಿಸಿತು. ಹಾಗೆ ಅನ್ನಿಸಿದಾಗಲೇ ಹುಷಾರಾಗಿರಬೇಕು.

ಮೈದಾನದ ಗೇಟಿನಲ್ಲಿ ಕಾರುಗಳನ್ನು ಪರೀಕ್ಷಿಸುವವರೊಬ್ಬರು ನಿಂತಿದ್ದರು. ವೈಟ್‌ಫೀಲ್ಡಿನಲ್ಲೇ ಹುಟ್ಟಿ ಬೆಳೆದ ವಯಸ್ಸಾದ ಆಂಗ್ಲೋ-ಇಂಡಿಯನ್ ಸಾಹೇಬರು. ತಲೆಗೆ ಟೋಪಿ, ಕೈಯಲ್ಲಿ ಟಾರ್ಚು. ಸಾಲಿನಲ್ಲಿ ನಿಲ್ಲುವ ಕಾರು ಒರಿಜಿನಲ್ ಆಗಿರಬೇಕು, ಅದು ಅಲ್ಲಿನ ನಿಯಮ. ನಾನು ಇಳಿದು ಬಾನೆಟ್ ಎತ್ತಿದೆ. ಸಾಹೇಬರು ಬಗ್ಗಿ ಟಾರ್ಚ್ ಬಿಟ್ಟರು. ಮೊದಲು ಹುಬ್ಬು ಮೇಲೆ ಹೋಯಿತು. ಆಮೇಲೆ ಬೆರಳು ರೇಡಿಯೇಟರಿನ ಮೇಲೆ ನಿಂತಿತು.

"ಇದೇನು ಮೇಡಂ, ಆರ್ ಅಂತ?"

ನೋಡಿದೆ. ಹೌದು, ಒಂದು ಆರ್. ತಗಡಿನ ಮೂಲೆಯಲ್ಲಿ ಅಚ್ಚುಕಟ್ಟಾಗಿ ಕುಟ್ಟಿದ ಇಂಗ್ಲಿಷ್ ಅಕ್ಷರ. ಟಾರ್ಚು ಸರಿದ ಕಡೆಯೆಲ್ಲ ಅಂಥವೇ. ಇಲ್ಲೊಂದು ಜಿ, ಅಲ್ಲೊಂದು ಎಸ್, ಪಕ್ಕದಲ್ಲಿ ಮತ್ತೆ ಜಿ.

ಇದು ಕಿಟ್ಟಣ್ಣ ಟೂಲ್‌ರೂಮಿನಿಂದ ತಂದ ಪದ್ಧತಿ. ಯಾರು ಯಾವ ಪಾರ್ಟು ಮಾಡಿದರೂ ಅದರ ಮೇಲೆ ತನ್ನ ಹೆಸರಿನ ಅಕ್ಷರ ಕುಟ್ಟಲೇಬೇಕು. ಕೆಟ್ಟರೆ ಯಾರನ್ನು ಬೈಯಬೇಕು ಅಂತ ಗೊತ್ತಾಗಬೇಕಲ್ಲ? ನಮ್ಮ ಸಂಘದವರಿಗೆ ಅದು ಎಷ್ಟು ರಕ್ತಗತವಾಗಿದೆಯೆಂದರೆ, ಒರಿಜಿನಲ್ ಕಾರುಗಳ ಸಾಲಿನಲ್ಲಿ ನಿಲ್ಲಬೇಕಾದ ಕಾರಿನ ಮೇಲೂ ಶ್ರದ್ಧೆಯಿಂದ ಕುಟ್ಟಿದ್ದಾರೆ. ಆರ್ ಅಂದರೆ ರಫೀಕ್. ಜಿ ಅಂದರೆ ಗಂಗಣ್ಣ. ಎಸ್ ಅಂದರೆ ಶಂಕರ, ನಮ್ಮ ಯಜಮಾನರು. ಕಳ್ಳತನ ಮಾಡಿ ಸಹಿ ಹಾಕಿ ಬಂದ ಹಾಗೆ. ಕುಟ್ಟದೆ ಸುಮ್ಮನೆ ಬಿಟ್ಟಿದ್ದರೆ ಟಾರ್ಚ್ ಹಿಡಿದ ಆ ಪುಣ್ಯಾತ್ಮರಿಗೆ ಗೊತ್ತೇ ಆಗುತ್ತಿರಲಿಲ್ಲ.

"ಇಂಗ್ಲೆಂಡಿಂದ ಬಂದಿದ್ದು ಇದರಲ್ಲಿ ಏನೇನಿದೆ?" ಸಾಹೇಬರು ಕೇಳಿದರು.

"ಬಾಡಿ ಇದೆ, ಚಾಸಿ ಇದೆ, ಎಂಜಿನ್ ಬ್ಲಾಕ್ ಇದೆ."

"ಉಳಿದಿದ್ದು?"

"ಪೀಣ್ಯ," ಅಂದೆ. ಇನ್ನೇನು ಹೇಳಲಿ?

ಅವರು ಟೋಪಿ ತೆಗೆದು ತಲೆ ಸವರಿಕೊಂಡರು. ಕೆಟ್ಟ ಮನುಷ್ಯರಲ್ಲ. ಹೇಳಲು ಅವರಿಗೂ ಬೇಜಾರೇ. "ಸಾರಿ ಮೇಡಂ. ತುಂಬಾ ಚೆನ್ನಾಗಿದೆ ಗಾಡಿ. ಆದ್ರೆ ಲೈನಲ್ಲಿ ನಿಲ್ಸಕ್ಕಾಗಲ್ಲ. ಹೊರಗಡೆ ವಿಸಿಟರ್ಸ್ ಗಾಡಿ ನಿಲ್ಸೋ ಕಡೆ ಹಾಕ್ಕೊಳ್ಳಿ."

ನಾನು ಬಾನೆಟ್ಟಿನ ಪಕ್ಕದಿಂದ ಕಾರಿನ ಒಳಗೆ ನೋಡಿದೆ. ಕಿಟ್ಟಣ್ಣನಿಗೆ ಎಲ್ಲ ಕೇಳಿಸಿತ್ತು. ಮಫ್ಲರ್ ಮೂಗಿನ ತನಕ ಬಂದಿತ್ತು. ಹಿಂದೆ ವನಜಕ್ಕ ಮುಖಕ್ಕೆ ಸೆರಗು ಒತ್ತಿಕೊಂಡಿದ್ದರು. ಮುಗಿಯಿತು, ಇವರು ಇನ್ನು ಹೊರಗೆ ಬರುವುದಿಲ್ಲ ಅಂದುಕೊಂಡೆ. ಒಂದು ಕ್ಷಣ ಆ ನಿಯಮದ ಮೇಲೆ, ಆ ಟಾರ್ಚಿನ ಮೇಲೆ, ಅಕ್ಷರ ಕುಟ್ಟಿದ ಆ ಮಹಾನುಭಾವರ ಮೇಲೆ, ಎಲ್ಲರ ಮೇಲೂ ಕೆಟ್ಟ ಕೋಪ ಬಂತು.

ಆಗ ಎಡಗಡೆಯ ಬಾಗಿಲು ತೆರೆಯಿತು.

ಮೊದಲು ಎಡಗಾಲು ಬಂತು. ಎಡಗೈ ಬಾಗಿಲನ್ನು ಹಿಡಿಯಿತು. ಆಮೇಲೆ ಬಲಗಾಲನ್ನು ಎಳೆದು ಹೊರಗಿಟ್ಟರು. ಅಷ್ಟರಲ್ಲಿ ಹಿಂದಿನ ಕಾರುಗಳಿಂದ ಎಲ್ಲರೂ ಓಡಿ ಬಂದಿದ್ದರು. ಗಂಗಣ್ಣ, "ಅಣ್ಣಾ, ತಡೀರಿ, ನಾನ್ ಇಡ್ಕತೀನಿ," ಅಂತ ಕೈ ಚಾಚಿದರೆ ಕಿಟ್ಟಣ್ಣ ಅವರತ್ತ ಒಂದು ನೋಟ ಬೀರಿದರು. ಹಳೇ ಫೋರ್‌ಮನ್ನಿನ ನೋಟ. ಗಂಗಣ್ಣ ಕೈ ಹಿಂದಕ್ಕೆ ತೆಗೆದುಕೊಂಡರು.

ಮಡ್‌ಗಾರ್ಡ್ ಹಿಡಿದುಕೊಂಡು, ಕಾಲೆಳೆಯುತ್ತ ಬಾನೆಟ್ಟಿನ ತನಕ ಬಂದರು. ಯಾಕೆ ಬಂದರು ಅಂತ ನನಗೆ ತಡವಾಗಿ ಹೊಳೆಯಿತು. ಕಾರು ತಯಾರಾದ ಮೇಲೆ ಅದರ ಒಳಗನ್ನು ಅವರು ನೋಡಿಯೇ ಇರಲಿಲ್ಲ. ಯಾವ ಗೆಳೆಯ ಏನು ಮಾಡಿದ್ದಾನೆ ಅಂತ ಅವರಿಗೆ ಗೊತ್ತಿರಲಿಲ್ಲ. ಸಾಹೇಬರ ಬಾಯಲ್ಲಿ ಆ ಅಕ್ಷರ ಕೇಳಿದ ಮೇಲೆ ಒಳಗೆ ಕೂರಲಾಗಲಿಲ್ಲ.

ಬಗ್ಗಿದರು. ಮಫ್ಲರ್ ಎಂಜಿನ್ನಿಗೆ ತಾಗುತ್ತಿತ್ತು, ಕಿತ್ತು ನನ್ನ ಕೈಗೆ ಕೊಟ್ಟರು. ಎಡಗೈ ಹೆಬ್ಬೆರಳು ಒಂದೊಂದೇ ಅಕ್ಷರದ ಮೇಲೆ ಹೋಯಿತು.

"ರ...ಫೀಕು," ಅಂದರು.

"ನಮ್ದೇ ಕಿಟ್ಟಣ್ಣ," ಅಂದರು ರಫೀಕ್ ಸಾಬರು. "ಲೀಕ್ ಆದ್ರೆ ನಮ್ಗೇ ಬೈರಿ."

"ಗಂಗ." ಇನ್ನೊಂದು ಜಿ ಸಿಕ್ಕಿತು. "ಮತ್ತೆ ಗಂಗ." ಗಂಗಣ್ಣ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು.

ಹೆಬ್ಬೆರಳು ಫ್ಯಾನಿನ ಹಿಂದಿನ ಪುಲ್ಲಿಯ ಮೇಲೆ ಬಂದು ನಿಂತಿತು. ಹೊಸ ಪುಲ್ಲಿ, ಫಳಫಳ ಹೊಳೆಯುತ್ತಿತ್ತು. ಅದರ ಅಂಚಿನಲ್ಲಿ ಇದ್ದದ್ದು ಕೆ. ಕಿಟ್ಟಣ್ಣನದೇ ಅಕ್ಷರ.

ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತಿದರು. ಮುಖ ಕೆಂಪಾಗಿತ್ತು.

"ಇದು ನಂದಲ್ಲ. ನಾನು... ಅರ್ಧ ಮಾಡಿ... ಬಿದ್ದೆ. ಅಕ್ಷರ ಹೊಡೆದಿರ್ಲಿಲ್ಲ. ಯಾವನಯ್ಯಾ ಅವನು... ನನ್ನ ಅಕ್ಷರ ಹೊಡೆದೋನು?"

ನಮ್ಮ ಯಜಮಾನರು ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು. ನನಗೆ ಆಗಲೇ ಗೊತ್ತಾಯಿತು.

"ಶಂಕರಾ."

"ಹ್ಞೂ ಅಣ್ಣ."

"ಮುಗಿಸಿದ್ದು ನೀನು. ಹೆಸರು ನಂದಾ? ನಾಳೆ ಇದು ಕಿತ್ಕೊಂಡು ಹೋದ್ರೆ... ಜನ ನನ್ನ ಬೈಬೇಕಾ?"

ಗಟ್ಟಿ ದನಿ. ಪದಗಳು ಒಂದಕ್ಕೊಂದು ತಾಕಿ ಎಡವುತ್ತಿದ್ದವು, ಬಾಯಿಯ ಒಂದು ಕಡೆಯಿಂದ ಎಂಜಲು ಇಳಿಯುತ್ತಿತ್ತು, ಅವರಿಗೆ ಅದ್ಯಾವುದರ ಪರಿವೆಯೂ ಇರಲಿಲ್ಲ. ಗೇಟಿನ ಹತ್ತಿರ ಜನ ಸೇರಿದ್ದರು. ಯಾರ ಎದುರಿಗೂ ಬರುವುದಿಲ್ಲ ಅಂದಿದ್ದ ಮನುಷ್ಯ ಅಷ್ಟು ಜನರ ನಡುವೆ ನಿಂತು, ಸಾಕಷ್ಟು ತಲೆ ನರೆತ ನನ್ನ ಗಂಡನನ್ನು ಬೈಯುತ್ತಿದ್ದರು. ಯಜಮಾನರ ಕಣ್ಣು ತುಂಬಿ ಬಂದಿತ್ತು, ಆದರೂ ಬಾಯಿ ನಗುತ್ತಿತ್ತು. ಬೈಸಿಕೊಂಡು ಇಷ್ಟು ಖುಷಿಪಟ್ಟ ಗಂಡಸನ್ನು ನಾನು ಕಂಡಿಲ್ಲ. (ಮನೆಯಲ್ಲಿ ನಾನು ಬೈದಾಗ ಇದರ ಸುಳಿವೂ ಇರುವುದಿಲ್ಲ.)

ವನಜಕ್ಕ ಕಾರಿನೊಳಗೇ ಕೂತು ಅಳುತ್ತಿದ್ದರು. ನಾನು ಕಿಟಕಿಯಲ್ಲಿ ಬಗ್ಗಿ, "ಇಳೀರಿ ಅಕ್ಕ," ಅಂದೆ. "ಬೈಗಳ ಮುಗೀಲಿ ಬಿಡೇ, ಕೇಳ್ತಾ ಇದೀನಿ," ಅಂದರು.

ಟೋಪಿ ಸಾಹೇಬರಿಗೆ ಅರ್ಧ ಅರ್ಥವಾಯಿತು, ಇನ್ನರ್ಧ ಅವರೇ ಊಹಿಸಿಕೊಂಡಿರಬೇಕು. ಹಾಗಂತ ನಿಯಮ ಸಡಿಲಿಸಲಿಲ್ಲ. ಸಡಿಲಿಸಲಿ ಅಂತ ಕಿಟ್ಟಣ್ಣ ಕೇಳಲೂ ಇಲ್ಲ. "ಅವರು ಹೇಳೋದು... ಸರಿ," ಅಂದರು. "ಇದು ಇಲ್ಲಿಯ ಮಾಲು." ನಮ್ಮ ಯಜಮಾನರು, ರಫೀಕ್ ಸಾಬರು, ಗಂಗಣ್ಣ ತಮ್ಮ ಬಾನೆಟ್ ಎತ್ತುವ ಗೋಜಿಗೇ ಹೋಗಲಿಲ್ಲ. ಅಲ್ಲೂ ಅವೇ ಅಕ್ಷರಗಳು ತಾನೇ? ಪೀಣ್ಯದಿಂದ ಬಂದ ನಾಲ್ಕೂ ಕಾರು ಮೈದಾನದ ಹೊರಗೆ, ಹೊಂಗೆ ಮರದ ಕೆಳಗೆ, ಪ್ರೇಕ್ಷಕರ ಸ್ಕೂಟರುಗಳ ಪಕ್ಕ ನಿಂತವು.

ಹೊರಗೆ ನಿಂತ ನಮ್ಮ ಕಾರುಗಳನ್ನೇ ಜನ ಮುತ್ತಿಕೊಂಡರು ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಬಂದವರು ಸ್ವಲ್ಪವೇ ಜನ. ಕೆಲವರು ಕಾರು ನೋಡಿದರು, ಕೆಲವರು ಕಿಟ್ಟಣ್ಣನ ಬಾಯಿ ನೋಡಿದರು. ಒಬ್ಬಾಕೆ, "ಛೆ, ಪಾಪ," ಅಂದೇಬಿಟ್ಟರು. ತಟ್ಟನೆ ತಿರುಗಿ ನೋಡಿದೆ. ಕಿಟ್ಟಣ್ಣ ಆಗ ಪುಲ್ಲಿಯ ವಿಷಯದಲ್ಲಿ ನಮ್ಮವರಿಗೆ ಇನ್ನೂ ಏನೋ ಹೇಳುವುದರಲ್ಲಿದ್ದರು. ಕೇಳಿಸಿತೋ, ಕೇಳಿಸಿಯೂ ಬಿಟ್ಟರೋ, ಗೊತ್ತಿಲ್ಲ. ಮಧ್ಯಾಹ್ನ ಮರದ ಕೆಳಗೆ ಚಾಪೆ ಹಾಸಿ ಚಿತ್ರಾನ್ನ ತಿಂದೆವು. ಕಿಟ್ಟಣ್ಣ ಎಡಗೈಯಲ್ಲಿ ಚಮಚ ಹಿಡಿದು, ಅರ್ಧ ಚೆಲ್ಲಿಕೊಂಡು, ಅರ್ಧ ತಿಂದು, ಅಲ್ಲೇ ನಿದ್ದೆ ಹೋದರು.

ಯಜಮಾನರನ್ನು ಪಕ್ಕಕ್ಕೆ ಕರೆದು ಕೇಳಿದೆ. "ಯಾಕ್ರೀ ಹಾಗೆ ಮಾಡಿದ್ರಿ? ನಿಮ್ಮ ಅಕ್ಷರ ಹೊಡೀಬೇಕಿತ್ತು ತಾನೇ?"

"ಅರ್ಧ ಅವರದ್ದೇ ಅಲ್ವೇನೇ," ಅಂದರು. ಚಪ್ಪಲಿಯಿಂದ ಮಣ್ಣು ಕೆದಕುತ್ತ, "ಅವರು ಮತ್ತೆ ಲೇತ್ ಮುಂದೆ ನಿಲ್ತಾರೋ ಇಲ್ಲವೋ ಅನ್ನಿಸ್ತು. ಅವರದೊಂದು ಅಕ್ಷರ ಇರ್ಲಿ ಅಂತ." ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ಈ ಮನುಷ್ಯನ ಮೇಲೆ ಅಷ್ಟು ಪ್ರೀತಿ ಬಂದದ್ದು ಅಪರೂಪ. ಮುಖಕ್ಕೆ ಹೇಳಲಿಲ್ಲ. ಇಲ್ಲಿ ಬರೆದಿದ್ದೇನೆ, ಓದಿಕೊಳ್ಳಲಿ.

ವಾಪಸ್ ಬರುವಾಗ ಕೃಷ್ಣರಾಜಪುರದಲ್ಲಿ ಒಂದು ಹೋಟೆಲ್ ಕಂಡಿತು. ಭಾನುವಾರ ಸಂಜೆ, ಒಳಗೆ ಗಿಜಿಗಿಜಿ. ನಾನು ನಿಲ್ಲಿಸದೆ ಮುಂದೆ ಹೋಗುವುದರಲ್ಲಿದ್ದೆ. ಪಕ್ಕದಿಂದ, "ಕಾಫಿ," ಅಂತ ಕೇಳಿಸಿತು. ಕುಟ್ಟಲಿಲ್ಲ, ಬಾಯಲ್ಲೇ ಹೇಳಿದರು. ಗಂಗಣ್ಣ ಬಂದು, "ಕಾರ್ಗೇ ತಂದ್ಕೊಡ್ತೀನಿ ಕಣಣ್ಣ, ಇಲ್ಲೇ ಕುಂತಿರಿ," ಅಂದರೆ, ಆಗಲೇ ಬಾಗಿಲು ತೆಗೆದಿದ್ದರು.

ಒಳಗೆ ಮಧ್ಯದ ಟೇಬಲ್ಲೇ ಖಾಲಿ ಇತ್ತು. ಕೂತೆವು. ಸುತ್ತಲಿನವರು ತಿನ್ನುವುದನ್ನು ಬಿಟ್ಟು ನೋಡಿದರು. ತಲೆಗೂದಲೆಲ್ಲ ನರೆತ ಸಪ್ಲೈಯರ್ ಒಬ್ಬರು ನೀರಿನ ಲೋಟ ಇಟ್ಟು, ಕಿಟ್ಟಣ್ಣನನ್ನು ದಿಟ್ಟಿಸಿ, ವನಜಕ್ಕನ ಕಡೆ ತಿರುಗಿ ದನಿ ತಗ್ಗಿಸಿದರು.

"ಯಜಮಾನ್ರಿಗೆ ಏನಾಗಿದೆ ಅಕ್ಕ?"

ವನಜಕ್ಕ ಬಾಯಿ ತೆರೆಯುವ ಮೊದಲೇ ಕಿಟ್ಟಣ್ಣ ಎಡಗೈ ಎತ್ತಿ ತಡೆದರು. ನಾವೆಲ್ಲ ಕಾದೆವು. ಸಪ್ಲೈಯರೂ ಕಾದರು. ಮಾತು ಬರಲು ಬಹಳ ಹೊತ್ತು ಹಿಡಿಯಿತು.

"ಒಂದು... ಪಾರ್ಟು ಹೋಗಿದೆ. ಪೀಣ್ಯದಲ್ಲೂ... ಮಾಡಕ್ಕಾಗಲ್ವಂತೆ. ನೀನು... ಸ್ಟ್ರಾಂಗಾಗಿ ಒಂದು ಕಾಫಿ ತಾ."

ಇಂಥ ಒರಿಜಿನಲ್ ಮನುಷ್ಯನನ್ನು ಯಾವ ಸಾಲಿನಲ್ಲಿ ನಿಲ್ಲಿಸುತ್ತೀರಿ, ಹೇಳಿ?